ಯಾವ ಗಡಿಗೆ ಯಾವ ಚೀಟಿ?

ದೆಹಲಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಮುಕ್ತಿನಾಥ ಯಾತ್ರೆಗೆಂದು ಶಿವಮೊಗ್ಗ ಜಿಲ್ಲೆಯಿಂದ ಹೊರಟ ಹದಿನೆಂಟು ಮಂದಿಯ ತಂಡವೊಂದು ಕಠ್ಮಂಡು ವಿಮಾನದ ಕೌಂಟರಿನ ಮುಂದೆ ಸಾಲುಗಟ್ಟಿ ನಿಂತಿತ್ತು. ತಂಡದಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು. ಮಂಡಿನೋವಿನ ಗಂಡನನ್ನು ಮನೆಯಲ್ಲಿ ಬಿಟ್ಟು, ಪಿಂಚಣಿಯಲ್ಲಿ ಉಳಿಸಿದ ಹಣ ಕಟ್ಟಿ ಬಂದವರು. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡ್, ಪ್ಯಾನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್, ಸಾಲದ್ದಕ್ಕೆ ರೇಷನ್ ಕಾರ್ಡು. ಕೌಂಟರಿನ ಹುಡುಗ ಒಂದೊಂದನ್ನೇ ತಿರುವಿ ನೋಡಿ, ಪಾಸ್‌ಪೋರ್ಟ್ ಅಥವಾ ಎಲೆಕ್ಷನ್ ಕಾರ್ಡ್ ಇದೆಯೇ ಎಂದು ಕೇಳಿದ.

ಪಾಸ್‌ಪೋರ್ಟ್ ಮಾಡಿಸಿಯೇ ಇರಲಿಲ್ಲ. ಎಲೆಕ್ಷನ್ ಕಾರ್ಡ್ ಮನೆಯ ಬೀರುವಿನಲ್ಲಿತ್ತು. ಮಗನಿಗೆ ಫೋನ್ ಹೋಯಿತು. "ಅಮ್ಮಾ, ಸಿಕ್ಕಿತು, ಈಗಲೇ ಫೋಟೊ ಕಳಿಸ್ತೀನಿ" ಎಂದ ಮಗ ಎರಡೇ ನಿಮಿಷದಲ್ಲಿ ಕಳಿಸಿಯೂ ಬಿಟ್ಟ. ಕೌಂಟರಿನವರು ಒಪ್ಪಲಿಲ್ಲ, ಮೂಲಪ್ರತಿಯೇ ಬೇಕೆಂದರು. ಅಷ್ಟರಲ್ಲಿ ಅವರ ಹಿಂದೆಯೇ ನಿಂತಿದ್ದ ಪಕ್ಕದ ಮನೆಯ 68 ವರ್ಷದ ಅಜ್ಜಿ ಬರೀ ಆಧಾರ್ ಕಾರ್ಡ್ ತೋರಿಸಿ ಒಳಗೆ ಹೋಗಿಬಿಟ್ಟರು! ಮೇಷ್ಟ್ರಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಹದಿನೇಳು ಮಂದಿ ಹಾರಿದರು, ಅವರೊಬ್ಬರು ಊರಿನ ರೈಲು ಹತ್ತಿದರು.

ಇದರಲ್ಲಿ ಕೌಂಟರಿನ ಹುಡುಗನ ತಪ್ಪೇನೂ ಇಲ್ಲ. 1950ರ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಫಲವಾಗಿ ನಮ್ಮವರಿಗೆ ನೇಪಾಳಕ್ಕೆ ವೀಸಾ ಬೇಡ, ಪಾಸ್‌ಪೋರ್ಟೂ ಕಡ್ಡಾಯವಲ್ಲ. ಹಾಗೆಂದು ಬರಿಗೈಯಲ್ಲಿ ಹೋಗುವಂತಿಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣ ಯಾರಿಗೆ ಮರೆತಿದೆ? ಆ ಬಳಿಕ ವಿಮಾನದಲ್ಲಿ ಹೋಗುವವರ ತಪಾಸಣೆ ಬಿಗಿಯಾಯಿತು. ಈಗ ಸಿಂಧುವಾದ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಗುರುತಿನ ಚೀಟಿ ಇರಬೇಕು. 65 ದಾಟಿದವರಿಗೂ 15ರ ಒಳಗಿನ ಮಕ್ಕಳಿಗೂ ಮಾತ್ರ ರಿಯಾಯಿತಿ; ಅವರು ಆಧಾರ್ ಮುಂತಾದ ಭಾವಚಿತ್ರವಿರುವ ದಾಖಲೆ ತೋರಿಸಬಹುದು. 15ರಿಂದ 18ರ ನಡುವಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಗುರುತು ಪತ್ರ ಸಾಕು. ಸಂಸಾರ ಸಮೇತ ಹೋಗುವವರಲ್ಲಿ ದೊಡ್ಡವರೊಬ್ಬರ ಬಳಿ ಸರಿಯಾದ ದಾಖಲೆಯಿದ್ದರೆ, ಉಳಿದವರು ಸಂಬಂಧ ತೋರಿಸುವ, ಭಾವಚಿತ್ರವಿರುವ ರೇಷನ್ ಕಾರ್ಡಿನಂಥದ್ದನ್ನು ಹಿಡಿದು ದಾಟಬಹುದು. ಅಂದರೆ, ಗಂಡ ಎಲೆಕ್ಷನ್ ಕಾರ್ಡ್ ಹಿಡಿದು ಜೊತೆಗೆ ಬಂದಿದ್ದರೆ ಮೇಷ್ಟ್ರಮ್ಮನ ಚೀಲದಲ್ಲಿದ್ದ ಅದೇ ರೇಷನ್ ಕಾರ್ಡ್ ಕೆಲಸಕ್ಕೆ ಬರುತ್ತಿತ್ತು!

ಆಧಾರ್ ಏಕೆ ಆಗದು? ಎಲ್ಲರೂ ಕೇಳುವ ಪ್ರಶ್ನೆ ಇದು. ಬ್ಯಾಂಕಿಗೆ ಅದೇ, ಸಿಮ್ ಕಾರ್ಡಿಗೆ ಅದೇ, ಮಗುವನ್ನು ಶಾಲೆಗೆ ಸೇರಿಸಲೂ ಅದನ್ನೇ ಕೇಳುತ್ತಾರೆ. ಉತ್ತರ 2016ರ ಆಧಾರ್ ಕಾಯ್ದೆಯಲ್ಲೇ ಇದೆ. ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ ಎಂದು ಅದರ 9ನೇ ಕಲಮು ಹೇಳುತ್ತದೆ. ಈ ದೇಶದಲ್ಲಿ ನಿಗದಿತ ಕಾಲ ವಾಸವಿದ್ದ ವಿದೇಶೀಯರಿಗೂ ಆಧಾರ್ ಸಿಗುತ್ತದೆ. ಊರೊಳಗೆ ಕೇಳುವ ಪ್ರಶ್ನೆ 'ನೀನು ಯಾರು?' ಎಂಬುದು. ಗಡಿಯಲ್ಲಿ ಕೇಳುವುದು 'ನೀನು ಯಾವ ದೇಶದವನು?' ಎಂದು. ಮತ ಹಾಕುವ ಹಕ್ಕು ಭಾರತದ ಪೌರರಿಗೆ ಮಾತ್ರ ಇರುವುದರಿಂದ ಎಲೆಕ್ಷನ್ ಕಾರ್ಡ್ ಎರಡನೆಯ ಪ್ರಶ್ನೆಗೂ ಉತ್ತರ ಕೊಡುತ್ತದೆ, ಆಧಾರ್ ಕೊಡುವುದಿಲ್ಲ. ಹಾಗಿದ್ದಮೇಲೆ 65ಕ್ಕೆ ಕಾಲಿಟ್ಟೊಡನೆ ಅದೇ ಆಧಾರ್ ಹೇಗೆ ಸಾಕಾಗುತ್ತದೆ ಎಂದರೆ, ವಯಸ್ಸಾದವರ ಮೇಲಿನ ಕನಿಕರ ಎನ್ನಬೇಕೇ ಹೊರತು ಬೇರೆ ತರ್ಕ ಕಾಣುವುದಿಲ್ಲ.

ಭೂತಾನಕ್ಕೂ ಎಲೆಕ್ಷನ್ ಕಾರ್ಡ್ ನಡೆಯುತ್ತದೆ. ಪಾಸ್‌ಪೋರ್ಟ್ ಒಯ್ಯುವುದಾದರೆ ಅದಕ್ಕೆ ಇನ್ನೂ ಆರು ತಿಂಗಳ ಆಯುಸ್ಸಿರಬೇಕು. ಆದರೆ ನೇಪಾಳದಿಂದ ಮುಂದೆ ಮಾನಸ ಸರೋವರಕ್ಕೆ ಹೋಗುವವರಿಗೆ ಪಾಸ್‌ಪೋರ್ಟೂ ಬೇಕು, ಚೀನಾದ ವೀಸಾವೂ ಬೇಕು. 'ನೇಪಾಳಕ್ಕೆ ಏನೂ ಬೇಡವಂತೆ' ಎಂಬ ಅರ್ಧ ಮಾತು ಕೇಳಿ ಹೊರಟವರು ಇಲ್ಲಿ ಎಡವುತ್ತಾರೆ.

ಉಳಿದೆಲ್ಲ ದೇಶಗಳಿಗೂ ಪಾಸ್‌ಪೋರ್ಟೇ ಗತಿ. ಅದು ಸರ್ಕಾರ ದಯಪಾಲಿಸುವ ಸವಲತ್ತು ಎಂಬ ಭಾವನೆ ಹಿಂದೆ ಇತ್ತು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಹಿಂದೆ ಜಿಲ್ಲೆಗಳ ಜನ ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಬಸ್ಸು ಹತ್ತಬೇಕಿತ್ತು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ ಶುರುವಾದಾಗ ಮೊದಲ ಎರಡು ಊರುಗಳಲ್ಲಿ ಒಂದು ನಮ್ಮ ಮೈಸೂರು, ಇನ್ನೊಂದು ಗುಜರಾತಿನ ದಾಹೋದ್.

ಊರಿಗೆ ಮರಳಿದ ಮೇಷ್ಟ್ರಮ್ಮ ಮಾಡಿದ ಮೊದಲ ಕೆಲಸವೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಕುಳಿತದ್ದು. ಕಾಗದಗಳನ್ನು ಹರಡಿದಾಗ ಹೊಸ ತಲೆನೋವು ಕಾಣಿಸಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳು. ಪ್ಯಾನ್ ಕಾರ್ಡಿನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿದ್ದವು. ಆಧಾರ್‌ನಲ್ಲಿ ಗಂಡನ ಹೆಸರು ಬಾಲವಾಗಿ ಸೇರಿತ್ತು. ಹೆಂಗಸು ಒಬ್ಬರೇ, ಹೆಸರು ಮೂರು! ಮದುವೆಯಾದ ಹೆಂಗಸು ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಹಾಕಿಸಲೇಬೇಕೆಂಬ ನಿಯಮವಿಲ್ಲ. ಯಾವ ಹೆಸರು ಇಟ್ಟುಕೊಳ್ಳುವುದೆಂದು ಮೊದಲು ತೀರ್ಮಾನಿಸಿ, ಉಳಿದ ಕಾಗದಗಳನ್ನು ಅದಕ್ಕೆ ಸರಿಹೊಂದಿಸಿಕೊಂಡು ಆಮೇಲೆ ಅರ್ಜಿ ಹಾಕುವುದು ಜಾಣತನ.

ಅಡ್ಡಹೆಸರಿಲ್ಲದ ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ಪಾಸ್‌ಪೋರ್ಟಿನಲ್ಲಿ ಎರಡು ಅಂಕಣ: ಕುಲನಾಮ ಒಂದು, ಕೊಟ್ಟ ಹೆಸರು ಇನ್ನೊಂದು. ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಟಿ. ಆರ್. ಮಂಜುನಾಥ ಎಂಬುವರು ಇದ್ದಾರೆಂದು ಇಟ್ಟುಕೊಳ್ಳಿ. ಅವರು ಕುಲನಾಮದ ಜಾಗದಲ್ಲಿ ತಿಪಟೂರು ಎಂದು ಬರೆದರೆ, ಪರದೇಶದ ವಿಮಾನ ನಿಲ್ದಾಣದಲ್ಲಿ ಧ್ವನಿವರ್ಧಕ 'ಮಿಸ್ಟರ್ ತಿಪಟೂರು' ಎಂದು ಕೂಗುತ್ತದೆ. ಇವರು ಇನ್ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನೆ ಕುಳಿತಿರುತ್ತಾರೆ. ಕುಲನಾಮದ ಅಂಕಣವನ್ನು ಖಾಲಿ ಬಿಟ್ಟರೆ ಇನ್ನೊಂದು ಪಜೀತಿ. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಕೊಟ್ಟ ಹೆಸರಿನ ಜಾಗದಲ್ಲಿ 'ಎಫ್.ಎನ್.ಯು.' ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್ ಹಿಡಿದ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದವು. ಗದ್ದಲವಾದ ಮೇಲೆ, ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಎಂದು ಸಡಿಲಿಸಲಾಯಿತು.

ಹೆಸರಿನ ಒಂದೊಂದು ಅಕ್ಷರಕ್ಕೂ ಇಷ್ಟು ಬೆಲೆ ಬರಲು ಕಾರಣ ಯಂತ್ರ. ಭಾವಚಿತ್ರವಿರುವ ಪುಟದ ತಳದಲ್ಲಿ ಎರಡು ವಿಚಿತ್ರ ಸಾಲುಗಳಿವೆಯಲ್ಲ, ಒಂದೊಂದರಲ್ಲೂ 44 ಮನೆಗಳು. ಮೇಲಿನ ಸಾಲಿನಲ್ಲಿ ದೇಶ ಮತ್ತು ಹೆಸರು. ಕೆಳಗಿನದರಲ್ಲಿ ಪಾಸ್‌ಪೋರ್ಟಿನ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಇತ್ಯಾದಿ. ಪ್ರಪಂಚದ ಎಲ್ಲ ನಿಲ್ದಾಣಗಳ ಯಂತ್ರಗಳೂ ಓದುವುದು ಇದನ್ನೇ. ಓದುವಾಗ ಅಂಕಿ ತಪ್ಪಿದರೆ ಗೊತ್ತಾಗಲೆಂದು ತಾಳೆಯ ಅಂಕಿಯೊಂದನ್ನು ಸೇರಿಸಿರುತ್ತಾರೆ. ಲೆಕ್ಕ ಮಕ್ಕಳೂ ಮಾಡಬಹುದಾದಷ್ಟು ಸುಲಭ: ಅಂಕಿಗಳನ್ನು ಅನುಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ ಕೂಡಿಸಿ, ಮೊತ್ತವನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷ. ಮೇಷ್ಟ್ರಮ್ಮ ಹುಟ್ಟಿದ್ದು 1964ರ ಜೂನ್ 1. ಅದು 640601 ಎಂದಾಗುತ್ತದೆ. ಆರೇಳು 42, ನಾಲ್ಕು ಮೂರಲೆ 12, ಸೊನ್ನೆ, ಮತ್ತೆ 42, ಸೊನ್ನೆ, 1. ಒಟ್ಟು 97, ತಾಳೆಯ ಅಂಕಿ 7. ನಿಮ್ಮ ಪಾಸ್‌ಪೋರ್ಟ್ ತೆಗೆದು ಪರೀಕ್ಷಿಸಿ ನೋಡಬಹುದು.

ಅಂದಹಾಗೆ, ಆ ಜೂನ್ 1 ನಿಜವಾದ ಹುಟ್ಟಿದ ದಿನವೇ ಎಂದು ಕೇಳಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು; ಹಳ್ಳಿಗಳಲ್ಲಿ ಒಂದು ತಲೆಮಾರೇ ಜೂನ್‌ನಲ್ಲಿ ಹುಟ್ಟಿದೆ. ಆದರೆ ಪಾಸ್‌ಪೋರ್ಟಿಗೆ ಆ ಅಂಕಪಟ್ಟಿ ಸಾಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಜನನ ಪ್ರಮಾಣಪತ್ರವೇ ಆಗಬೇಕು. ಮೊಮ್ಮಗು ಹುಟ್ಟಿದ ಮನೆಯವರು ಗಮನಿಸಬೇಕಾದ ಸಂಗತಿ.

ಎಸ್ಸೆಸ್ಸೆಲ್ಸಿಗೆ ಇನ್ನೊಂದು ಮಹತ್ವವೂ ಇದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇ.ಸಿ.ಆರ್.' ಎಂಬ ಗುರುತು ಇರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮುಂಚಿತವಾಗಿ ಸರ್ಕಾರದ ಅನುಮತಿ ಪಡೆಯಬೇಕು. ಇದು ಕಿರುಕುಳವೆಂದು ಬೈಯುವವರಿದ್ದಾರೆ. ಸಂಬಳದ ಕರಾರೂ ಇಲ್ಲದೆ ಮೋಸ ಹೋಗದಿರಲೆಂದು ಇಟ್ಟ ಬೇಲಿ ಅದು. ಪ್ರವಾಸಿ ವೀಸಾ ಕೊಡಿಸುತ್ತೇನೆ, ಅಲ್ಲಿ ಹೋಗಿ ಕೆಲಸಕ್ಕೆ ಸೇರಿಕೊ ಎನ್ನುವ ಏಜೆಂಟನ ಮಾತು ಕೇಳಿ ಬೇಲಿ ಹಾರಿದವನಿಗೆ ಅಲ್ಲಿ ಕಾನೂನಿನ ಆಸರೆ ಇರುವುದಿಲ್ಲ. ಆಮೇಲೆ ಹತ್ತನೆಯದನ್ನು ಕಟ್ಟಿ ಪಾಸು ಮಾಡಿಕೊಂಡವರು ಅರ್ಜಿ ಹಾಕಿ ಆ ಗುರುತನ್ನು ತೆಗೆಸಿಕೊಳ್ಳಬಹುದು.

ಅವಧಿಯ ವಿಷಯ ಚಿಕ್ಕದು, ಆದರೂ ಎಡವುವವರು ಬಹಳ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷದ್ದು, ಮಕ್ಕಳದ್ದು ಸಾಮಾನ್ಯವಾಗಿ 5. ಕೊನೆಯ ದಿನದವರೆಗೂ ನಡೆಯುತ್ತದೆ ಎಂದು ಭಾವಿಸಬಾರದು. ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾಗಳಿಗೆ ಕಾಲಿಡುವಾಗ ಇನ್ನೂ ಆರು ತಿಂಗಳು ಉಳಿದಿರಬೇಕು. ಯುರೋಪಿನ ಷೆಂಗೆನ್ ದೇಶಗಳಿಗಾದರೆ ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹೊಸದಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಟಿಕೆಟ್ ಕೊಂಡ ಮೇಲೆ ಒದ್ದಾಡುವುದು ಅನಗತ್ಯ. ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ ನಮ್ಮ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ. ಅದು ಭಾರತಕ್ಕೆ ಮರಳುವ ಒಂದು ಪ್ರಯಾಣಕ್ಕೆ ಮಾತ್ರ. ನೆರಳಚ್ಚು ಪ್ರತಿಯನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿ ಕೆಲಸ ಬೇಗ ಆಗುತ್ತದೆ.

ಮೇಷ್ಟ್ರಮ್ಮನ ನೀಲಿ ಪುಸ್ತಕ ಅಂಚೆಯಲ್ಲಿ ಬಂದಿದೆ. ಕುಲನಾಮದ ಅಂಕಣದಲ್ಲಿ ಕೊನೆಗೂ ಅಪ್ಪನ ಹೆಸರೇ ಉಳಿಯಿತು. ಮುಂದಿನ ತಂಡ ಯಾವಾಗ ಹೊರಡುತ್ತದೆಂದು ಯಾತ್ರೆಯವರನ್ನು ವಿಚಾರಿಸಿಯೂ ಆಗಿದೆ. ಗಂಡನ ಮಂಡಿನೋವು ಕಡಿಮೆಯಾದರೆ ಈ ಸಲ ಅವರೂ ಹೋಗುತ್ತಾರೆ. ಅವರ ಎಲೆಕ್ಷನ್ ಕಾರ್ಡ್ ಬೀರುವಿನಿಂದ ಇಳಿದು ಆ ಪ್ಲಾಸ್ಟಿಕ್ ಚೀಲ ಸೇರಿದೆ.