ಸಾಲ್ಯಾಗಿನ ಕ್ಲಿನಿಕ್‌ಗೆ ನೋಂದಣಿ ಆಗೇತೇನ್ರಿ?

ಹುಬ್ಬಳ್ಳಿಯ ಖಾಸಗಿ ಸಾಲಿಯೊಂದು ತನ್ನ ಕಾಂಪೌಂಡಿನ್ಯಾಗ ಓಣಿ ಮಂದಿಗೂ ಕ್ಲಿನಿಕ್ ತೆಗಿತೈತಿ ಅಂತ ತಿಳ್ಕೊಳ್ರಿ. ಸಾಲಿ ಮಾನ್ಯತೆ ಇದ್ರ ಸಾಕಾಗಂಗಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರ ಕೆಪಿಎಂಇ, ಅದರಡಿ ಬ್ಯಾರೆ ನೋಂದಣಿ ಬೇಕು. ಹಾಸಿಗಿ ಇರಲಿ, ಇಲ್ಲದಿರಲಿ. ಅದನ್ನ ಕೊಡೋದು ಜಿಲ್ಲಾ ಪ್ರಾಧಿಕಾರ: ಅಧ್ಯಕ್ಷರು ಜಿಲ್ಲಾಧಿಕಾರಿ, ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿ. ಇಬ್ಬರ ಕಚೇರಿನೂ ಧಾರವಾಡದಾಗ. ಅವಧಿ 5 ವರ್ಷ. ಪ್ರಮಾಣಪತ್ರ ಎದ್ದು ಕಾಣೋ ಜಾಗಾದಾಗ ಹಚ್ಚಿರಬೇಕು. ಕಾಣಲಿಲ್ಲಾ? ಅಂಜದೆ ಕೇಳ್ರಿ, ಮಕ್ಕಳ ಜೀವದ ಮಾತಿದು.

ಸರ್ಕಾರಿ ಸಾಲಿ ದಾರಿ ಬ್ಯಾರೆ. 2013ರಾಗ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ವರ್ಷಕ್ಕೊಮ್ಮೆ ಸಾಲಿಗೇ ಬಂದು ಕಣ್ಣು, ಕಿವಿ, ಹಲ್ಲು, ಎದಿ ನೋಡ್ತೈತಿ. ತೊಂದ್ರಿ ಕಂಡ್ರ ದೊಡ್ಡ ಆಸ್ಪತ್ರಿಗೆ ಚೀಟಿ ಬರದು ಕಳಿಸ್ತಾರ. ಆ ದಿನ ಮಾತ್ರ ಮಕ್ಕಳಿಗೆ ಸಾಲಿ ತಪ್ಪಿಸಬ್ಯಾಡ್ರಿ.