ಪುಸ್ತಕಕ್ಕೆ ದಾನಿಗಳಿದ್ದಾರೆ, ಓದಿ ಹೇಳುವವರಿಗೆ?

ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತು. ಶಿವನಸಮುದ್ರದ ನೆರೆಯ ಬೆಳಕವಾಡಿ ಸೀಮೆಯಲ್ಲಿ ಇವತ್ತು ಕೇಳಬೇಕಾದ ಪ್ರಶ್ನೆ ಅಷ್ಟು ದೊಡ್ಡದೇನಲ್ಲ: ಇನ್ನೂ ಅಕ್ಷರ ತಿದ್ದದ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯದಲ್ಲಿ ಕೂರಿಸಿಕೊಂಡು ಕಥೆ ಓದಿ ಹೇಳಲು ಹಣ ಎಲ್ಲಿಂದ ತರುವುದು?

ಹಣವೇ ಇಲ್ಲ ಎನ್ನುವಂತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲದಿಂದ ಮನೆ ಕಂದಾಯದ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ. ಬೆಂಗಳೂರಿನಲ್ಲಿ ಇದು ಕೋಟಿಗಟ್ಟಲೆ ಆಗುತ್ತದೆ (ಅದನ್ನು ಪಾಲಿಕೆ ಬಾಕಿ ಉಳಿಸಿಕೊಂಡ ಸುದ್ದಿಯೂ ಆಗಾಗ ಬಂದಿದೆ). ಹಳ್ಳಿಯ ಕಂದಾಯದಲ್ಲಿ ಎಷ್ಟು ಕೂಡೀತು?

2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ. ಒಳ್ಳೆಯ ಕೆಲಸ. ಆರರ ಕೆಳಗಿನವರು? ಅವರು ಅಂಗನವಾಡಿಯ ಪಾಲು, ಅಂಗನವಾಡಿಯೋ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಕಿವಿಯಿಂದ ಭಾಷೆ ಕಲಿಯುವ ವಯಸ್ಸಿನಲ್ಲೇ ಮಗು ಎರಡು ಕಡತಗಳ ನಡುವೆ ಉಳಿದುಬಿಡುತ್ತದೆ.

ಹೊರಗಿನ ನೆರವಿನ ದಾರಿ ಎರಡು. 1972ರಲ್ಲಿ ಹುಟ್ಟಿದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಲ್ಲಿ ಮಕ್ಕಳ ವಿಭಾಗಕ್ಕೂ ಸಹಾಯವುಂಟು, ಆದರೆ ಅರ್ಜಿ ರಾಜ್ಯದ ಮೂಲಕವೇ ಹೋಗಬೇಕು. ಇನ್ನೊಂದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಕೊಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ತಮಾಷೆಯೆಂದರೆ, ಈ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇರುವುದು ಶಿಕ್ಷಣದ ಸಾಲಿನಲ್ಲಲ್ಲ, ಪರಂಪರೆ ಮತ್ತು ಕಲೆಯ ಸಾಲಿನಲ್ಲಿ. ಅರ್ಜಿ ಬರೆಯುವವರು ಎರಡನ್ನೂ ನಮೂದಿಸುವುದು ಜಾಣತನ. ಶಿವನಸಮುದ್ರ, ಶಿಂಷಾ ವಿದ್ಯುದಾಗಾರಗಳನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮವೂ ಕಂಪನಿಯೇ. ಈ ಸೀಮೆಯವರು ಮೊದಲು ತಟ್ಟಬೇಕಾದ ಬಾಗಿಲು ಅದು.

ಆದರೆ ಏನು ಕೇಳಬೇಕು? ದಾನಿಗಳಿಗೆ ಫೋಟೊ ತೆಗೆಯಲು ಸಿಗುವ ಕಪಾಟು, ಕಂಪ್ಯೂಟರ್ ಇಷ್ಟ. ಮಗುವಿಗೆ ಬೇಕಿರುವುದು ವಾರಕ್ಕೆರಡು ದಿನ ಪಕ್ಕದಲ್ಲಿ ಕೂತು ಚಿತ್ರ ತೋರಿಸುತ್ತ ಓದುವ ಒಬ್ಬರು. ಪುಸ್ತಕದ ಕೊರತೆ ಅಷ್ಟಿಲ್ಲ: ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ 2015ರಿಂದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತಿವೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಇರುವ ಗ್ರಂಥಾಲಯ ಮೇಲ್ವಿಚಾರಕರ ಮೇಲೆಯೇ ಈ ಕೆಲಸವನ್ನೂ ಹೇರುವುದು ನ್ಯಾಯವಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ ಓದುವವರ ಗೌರವಧನ ಇರಲಿ.

ಅದಕ್ಕೂ ಮೊದಲು, ಮುಂದಿನ ಗ್ರಾಮಸಭೆಗೆ ಕಂದಾಯದ ರಸೀದಿ ಹಿಡಿದು ಹೋಗಿ. ಗ್ರಂಥಾಲಯ ಕರ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.