ಮನೆ ಖರೀದಿ ರದ್ದುಪಡಿಸುವ ಹಕ್ಕು: ತಪ್ಪು ಯಾರದೆಂಬುದೇ ನಿರ್ಣಾಯಕ

ಮುಂಗಡ ಪಾವತಿಯಾಗಿದೆ, ಬ್ಯಾಂಕ್ ಸಾಲದ ಕಂತೂ ಆರಂಭವಾಗಿದೆ. ಆದರೆ ಕಟ್ಟಡ ಮಾತ್ರ ಅರ್ಧಕ್ಕೇ ನಿಂತಿದೆ. ಒಂದೆಡೆ ಮನೆ ಬಾಡಿಗೆ, ಇನ್ನೊಂದೆಡೆ ಸಾಲದ ಕಂತು ಎಂಬ ಅಡಕತ್ತರಿಯಲ್ಲಿ ಸಿಲುಕಿದ ಖರೀದಿದಾರ ವ್ಯವಹಾರವನ್ನೇ ರದ್ದುಪಡಿಸಿ ಹಣ ಹಿಂಪಡೆಯಬಹುದೇ? ಪಡೆಯಬಹುದು. ಆದರೆ ತಪ್ಪು ಯಾರದು, ವ್ಯವಹಾರ ಯಾವ ಹಂತದಲ್ಲಿದೆ ಎಂಬುದರ ಮೇಲೆ ಈ ಹಕ್ಕಿನ ವ್ಯಾಪ್ತಿ ನಿರ್ಧಾರವಾಗುತ್ತದೆ.

ಬಿಲ್ಡರ್ ತಪ್ಪಿದರೆ

ಸಂಸತ್ತು 2016ರಲ್ಲಿ ಅಂಗೀಕರಿಸಿದ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೆರಾ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಪ್ರಕಟವಾದವು. ಕರಾರಿನಲ್ಲಿ ನಮೂದಿಸಿದ ದಿನಾಂಕಕ್ಕೆ ಮನೆ ಹಸ್ತಾಂತರಿಸಲು ಬಿಲ್ಡರ್ ವಿಫಲನಾದರೆ ಖರೀದಿದಾರನ ಮುಂದೆ ಎರಡು ದಾರಿಗಳಿವೆ ಎನ್ನುತ್ತದೆ ಕಾಯ್ದೆಯ 18ನೇ ಕಲಂ. ಯೋಜನೆಯಿಂದ ಹೊರಬಂದು ಪಾವತಿಸಿದ ಹಣವನ್ನು ಬಡ್ಡಿ ಮತ್ತು ಪರಿಹಾರದೊಂದಿಗೆ ಕೇಳುವುದು ಮೊದಲನೆಯದು. ಯೋಜನೆಯಲ್ಲಿಯೇ ಉಳಿದು, ಮನೆ ಕೈಸೇರುವವರೆಗೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯುವುದು ಎರಡನೆಯದು. ಆಯ್ಕೆ ಖರೀದಿದಾರನದೇ ಹೊರತು ಬಿಲ್ಡರ್‌ನದಲ್ಲ.

ಜಾಹೀರಾತು ಅಥವಾ ಮಾದರಿ ಮನೆಯಲ್ಲಿ ತೋರಿಸಿದ್ದು ಸುಳ್ಳೆಂದು ಕಂಡುಬಂದರೂ 12ನೇ ಕಲಂನಡಿ ಹಿಂದೆ ಸರಿಯಲು ಅವಕಾಶವಿದೆ.

ಹಣ ವಾಪಸಾತಿಯ ಈ ಹಕ್ಕು ಷರತ್ತಿಲ್ಲದ್ದು, ಅನಿರೀಕ್ಷಿತ ಘಟನೆ ಅಥವಾ ನ್ಯಾಯಾಲಯದ ತಡೆಯಾಜ್ಞೆಗಳ ನೆಪದಿಂದ ಅದನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಮನಸ್ಸು ಬದಲಾದರೆ

ಫ್ರಾನ್ಸ್‌ನಲ್ಲಿ ವಾಸದ ಮನೆ ಕೊಳ್ಳುವವರು ಯಾವ ಕಾರಣವನ್ನೂ ನೀಡದೆ ಹಿಂದೆ ಸರಿಯಲು 10 ದಿನಗಳ ಕಾಲಾವಕಾಶವಿದೆ. ಭಾರತದ ಕಾನೂನಿನಲ್ಲಿ ಅಂಥ ಅವಕಾಶವಿಲ್ಲ. ಉದ್ಯೋಗ ನಷ್ಟ, ವರ್ಗಾವಣೆ ಅಥವಾ ಸಾಲ ಮಂಜೂರಾಗದಿರುವುದು ಬಿಲ್ಡರ್‌ನ ತಪ್ಪಲ್ಲ. ಆಗ ಕರಾರಿನ ಷರತ್ತುಗಳೇ ಅನ್ವಯವಾಗುತ್ತವೆ, ಬುಕಿಂಗ್ ಮೊತ್ತವನ್ನು ಕಳೆದುಕೊಳ್ಳಬೇಕಾಗಬಹುದು.

ಹಾಗೆಂದು ಬಿಲ್ಡರ್ ಮನಬಂದಷ್ಟು ಹಣ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. ಖರೀದಿದಾರ ತಾನಾಗಿಯೇ ಹಿಂದೆ ಸರಿದ ಪ್ರಕರಣವೊಂದರಲ್ಲಿ ಶೇ. 20ರಷ್ಟು ಕಡಿತಕ್ಕೆ ಅವಕಾಶ ನೀಡಿದ್ದ ಏಕಪಕ್ಷೀಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಒಪ್ಪಲಿಲ್ಲ. ಮೂಲ ಮಾರಾಟ ಬೆಲೆಯ ಶೇ. 10ರಷ್ಟು ಕಡಿತವನ್ನು ಮಾತ್ರ ಅದು ಎತ್ತಿಹಿಡಿಯಿತು. ಲಿಖಿತ ಕರಾರು ಮಾಡಿಕೊಂಡು ನೋಂದಾಯಿಸದೆ ಮನೆಯ ಬೆಲೆಯ ಶೇ. 10ಕ್ಕಿಂತ ಹೆಚ್ಚಿನ ಮುಂಗಡ ಪಡೆಯುವುದನ್ನು ರೆರಾದ 13ನೇ ಕಲಂ ನಿಷೇಧಿಸುತ್ತದೆ. ಆದ್ದರಿಂದ ಕರಾರಿಗೆ ಮುನ್ನವೇ ದೊಡ್ಡ ಮೊತ್ತ ಕೊಡದಿರುವುದೇ ಮೊದಲ ರಕ್ಷಣೆ.

ಕ್ರಯಪತ್ರವಾದ ಮೇಲೆ

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಬಳಿಕ ಚಿತ್ರ ಬದಲಾಗುತ್ತದೆ. ಒಡೆತನ ವರ್ಗಾವಣೆಯಾಗಿರುವುದರಿಂದ ಒಬ್ಬರೇ ಹೋಗಿ ಪತ್ರವನ್ನು ರದ್ದುಪಡಿಸಲಾಗದು. ಮಾರಿದವರೂ ಕೊಂಡವರೂ ಸೇರಿ ರದ್ದತಿ ಪತ್ರ ಬರೆಯಬೇಕು, ಇಲ್ಲವೇ ವಂಚನೆ ನಡೆದಿದೆ ಎಂದು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಜಮೀನಿನ ಹಕ್ಕಿನಲ್ಲಿಯೇ ದೋಷವಿದ್ದು ನಷ್ಟವಾದರೆ ಬಿಲ್ಡರ್‌ನಿಂದ ಪರಿಹಾರ ಕೇಳಲು ರೆರಾ ಕಾಲಮಿತಿ ವಿಧಿಸಿಲ್ಲ ಎಂಬುದು ಖರೀದಿದಾರನಿಗಿರುವ ಸಮಾಧಾನ. ಮೊದಲ ಒಡೆಯನಿಂದ ಹಳೆಯ ಮನೆ ಕೊಳ್ಳುವವರಿಗೆ ಮಾತ್ರ ಮಾರಾಟಗಾರನ ವಿರುದ್ಧ ರೆರಾದ ನೆರವಿಲ್ಲ. ಅವರು ಕರಾರು ಕಾನೂನನ್ನೇ ಆಶ್ರಯಿಸಬೇಕು.

ವಿಳಂಬವೂ ಅಪಾಯಕಾರಿ

ಹಿಂದೆ ಸರಿಯುವ ನಿರ್ಧಾರವನ್ನು ಮುಂದೂಡುತ್ತಾ ಹೋಗುವುದು ಸಲ್ಲದು. ಗುರುಗ್ರಾಮದ ವಸತಿ ಯೋಜನೆಯೊಂದರ ಗ್ರಾಹಕ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಖರೀದಿದಾರರನ್ನು ಎರಡು ಗುಂಪಾಗಿ ವಿಂಗಡಿಸಿತು. ಸ್ವಾಧೀನಾನುಭವ ಪತ್ರ ದೊರೆತು, ಮನೆ ನೀಡಲು ಬಿಲ್ಡರ್ ಮುಂದಾಗಿದ್ದ ಗುಂಪಿನವರು ವಿಳಂಬಕ್ಕೆ ಪರಿಹಾರ ಪಡೆದು ಮನೆಯನ್ನೇ ಸ್ವೀಕರಿಸಬೇಕೆಂದಿತು. ಆ ಪತ್ರ ದೊರೆಯದ ಕಟ್ಟಡಗಳ ಖರೀದಿದಾರರಿಗೆ ಮಾತ್ರ ಹಣ ವಾಪಸಾತಿಯ ಹಕ್ಕು ಉಳಿಯಿತು.

ಆದ್ದರಿಂದ ಹಸ್ತಾಂತರದ ದಿನಾಂಕ ಮೀರಿದೊಡನೆ, ಯೋಜನೆಯಿಂದ ಹೊರಬರುವ ತೀರ್ಮಾನವನ್ನು ಲಿಖಿತವಾಗಿ, ನೋಂದಾಯಿತ ಅಂಚೆಯಲ್ಲಿ ಬಿಲ್ಡರ್‌ಗೆ ತಿಳಿಸಬೇಕು. ಕರಾರು, ರಸೀದಿ, ಜಾಹೀರಾತು ಪ್ರತಿಗಳನ್ನು ಜೋಪಾನವಾಗಿರಿಸಬೇಕು. ರೆರಾ ಪ್ರಾಧಿಕಾರಕ್ಕೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ದೂರು ನೀಡಿದ ಮಾತ್ರಕ್ಕೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ಆದೇಶ ಕೈಸೇರಿತೆಂದರೆ ಹಣ ಕೈಸೇರಿತೆಂದಲ್ಲ. ಬಿಲ್ಡರ್ ಪಾವತಿಸದಿದ್ದರೆ ಅದನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಆ ಹೊಣೆ ಕಂದಾಯ ಅಧಿಕಾರಿಗಳ ಮೇಲಿರುವುದರಿಂದ, ಆದೇಶ ಬಂದ ಮೇಲೂ ಖರೀದಿದಾರ ಅದರ ಬೆನ್ನು ಹತ್ತುವುದು ಅನಿವಾರ್ಯ.